ಬೆಂಗಳೂರಿನ ಟ್ರಯಲ್ ಕೋರ್ಟ್ ಜಡ್ಜ್‌ಗಳ ಬಗ್ಗೆ ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ ಕೆಲಸ ಮಾಡ್ತಿರೋದ್ರಿಂದ ಈ ಪ್ರಶ್ನೆಗಳು ನನಗೆ ದಿನಾ ಬರ್ತವೆ, ಹೆಲ್ಪ್ ಡೆಸ್ಕ್ ಮುಂದೆ ನಿಂತು ಕೇಳ್ತಾರೆ, ವಾಟ್ಸಾಪಲ್ಲಿ ಕೇಳ್ತಾರೆ, ಮದುವೆ ಮನೇಲೂ ಬಿಡಲ್ಲ. ಅದಕ್ಕೇ ಎಲ್ಲಾ ಒಂದೇ ಕಡೆ ಬರ್ದಿದೀನಿ. ನಿಮ್ಮ ಕೇಸಿಗೆ ಬೇಕಾದ ಸಲಹೆ ನಿಮ್ಮ ವಕೀಲರೇ ಕೊಡ್ಬೇಕು, ಇಲ್ಲಿ ಇರೋದು ಜಡ್ಜ್ ಅಂದ್ರೆ ಯಾರು, ಆ ಕುರ್ಚಿಗೆ ಹೇಗೆ ಬರ್ತಾರೆ, ಏನು ಕೆಲಸ ಮಾಡ್ತಾರೆ ಅನ್ನೋದು ಮಾತ್ರ.

ಟ್ರಯಲ್ ಜಡ್ಜ್ ಅಂದ್ರೆ ಯಾರು? ಹೈಕೋರ್ಟ್ ಜಡ್ಜ್‌ಗೂ ಇವರಿಗೂ ಏನು ವ್ಯತ್ಯಾಸ?

ಕೇಸ್ ಮೊದಲು ಶುರುವಾಗೋ ಕೋರ್ಟಲ್ಲಿ ಕೂತು, ಸಾಕ್ಷಿ ಹೇಳಿಕೆ ಬರ್ಸಿಕೊಂಡು, ದಾಖಲೆ ಗುರುತು ಮಾಡಿ, ಎರಡೂ ಕಡೆ ವಾದ ಕೇಳಿ ಮೊದಲ ತೀರ್ಪು ಕೊಡೋರು ಟ್ರಯಲ್ ಜಡ್ಜ್. ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಅಪೀಲ್ ಹೋದಾಗ ಅಲ್ಲಿನ ಜಡ್ಜ್‌ಗಳು ಸಾಮಾನ್ಯವಾಗಿ ಇಲ್ಲಿಂದ ಹೋದ ಪೇಪರ್ ಓದ್ತಾರೆ ಅಷ್ಟೇ, ಸಾಕ್ಷಿ ಹೇಳಿದೋರ ಮುಖ ಅವರು ನೋಡಿರಲ್ಲ. ಪಾಟಿ ಸವಾಲಲ್ಲಿ ಯಾವ ಪ್ರಶ್ನೆಗೆ ತಡವರಿಸಿದ್ರು, ಯಾವುದಕ್ಕೆ ನೇರವಾಗಿ ಉತ್ತರ ಕೊಟ್ರು, ಯಾವಾಗ ಅತ್ತರು, ಇದನ್ನೆಲ್ಲ ಕಣ್ಣಾರೆ ನೋಡೋದು ಟ್ರಯಲ್ ಜಡ್ಜ್ ಒಬ್ಬರೇ. ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯ ಅನ್ಸಿದ್ದನ್ನ ಜಡ್ಜ್ ಬರ್ದಿಡಬೇಕು ಅಂತ ಕಾನೂನಲ್ಲೇ ಇದೆ, ಹಳೇ ಕ್ರಿಮಿನಲ್ ಪ್ರೊಸೀಜರ್ ಕೋಡಲ್ಲಿ (ಸಿಆರ್‌ಪಿಸಿ) 280ನೇ ಸೆಕ್ಷನ್ ಇತ್ತು, ಈಗ ಅದರ ಜಾಗಕ್ಕೆ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿಎನ್‌ಎಸ್‌ಎಸ್‌ನಲ್ಲಿ 315.

ನನ್ನ ಪ್ರಕಾರ ಇಡೀ ನ್ಯಾಯಾಂಗದಲ್ಲಿ ತುಂಬಾ ಭಾರ ಇರೋ ಕುರ್ಚಿ ಇದೇ. ನಮ್ಮಲ್ಲಿ ಹೆಚ್ಚಿನ ಜನ ಜೀವನದಲ್ಲಿ ಹೈಕೋರ್ಟ್ ಒಳಗೆ ಕಾಲಿಡಲ್ಲ. ಅವರ ಪಾಲಿಗೆ ನ್ಯಾಯಾಂಗ ಅಂದ್ರೆ ಕೆಜಿ ರೋಡಲ್ಲಿ ಆ ಕೋರ್ಟ್ ಹಾಲಲ್ಲಿ ಎದುರು ಕೂತಿರೋ ಆ ಒಬ್ಬ ಮನುಷ್ಯರು. ಅವರು ಕಿವಿಗೊಟ್ಟು ಕೇಳಿದ್ರೆ ಕೋರ್ಟ್ ಕೇಳ್ತು, ಇಲ್ಲಾಂದ್ರೆ ಇಲ್ಲ.

ಬೆಂಗಳೂರಲ್ಲಿ ಯಾವ ಜಡ್ಜ್ ಎಲ್ಲಿ ಕೂರ್ತಾರೆ?

ಜಾಸ್ತಿ ಗಲಿಬಿಲಿ ಆಗೋದೇ ಇಲ್ಲಿ. ಕೆಜಿ ರೋಡಲ್ಲಿ, ಮೈಸೂರ್ ಬ್ಯಾಂಕ್ ಸರ್ಕಲ್ ಹತ್ರ ಇರೋದು ಸಿಟಿ ಸಿವಿಲ್ ಕೋರ್ಟ್ ಕಾಂಪ್ಲೆಕ್ಸ್. ಆಸ್ತಿ ಪಾಲು, ಇಂಜಂಕ್ಷನ್, ಅಗ್ರಿಮೆಂಟ್ ತಕರಾರು ಇಂಥ ಸಿವಿಲ್ ದಾವೆಗಳು, ಜೊತೆಗೆ ಕೊಲೆ, ದರೋಡೆ ತರದ ಸೆಷನ್ಸ್ ಕೇಸ್‌ಗಳು ಇಲ್ಲಿ ನಡೀತವೆ. ಕೋರ್ಟ್ ಹಾಲಿಗೆ ಸಿಸಿಎಚ್ ಅಂತ ನಂಬರ್ ಇರತ್ತೆ, ನಿಮ್ಮ ಪೇಪರಲ್ಲಿ ಸಿಸಿಎಚ್ ಅಂತ ಇದ್ರೆ ಆ ನಂಬರಿನ ಹಾಲ್ ಹುಡ್ಕಿ. ಇದರದ್ದೇ ಇನ್ನೊಂದು ಭಾಗ ಎಂಜಿ ರೋಡ್ ಕಡೆ ಮೇಯೋ ಹಾಲಲ್ಲಿದೆ, ಆದ್ದರಿಂದ ಹೊರಡೋ ಮುಂಚೆ ಯಾವ ಕಡೆ ಅಂತ ವಕೀಲರನ್ನ ಕೇಳ್ಕೊಂಡೇ ಹೊರಡಿ, ಪೀಕ್ ಟ್ರಾಫಿಕಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗೋಷ್ಟರಲ್ಲಿ ನಿಮ್ಮ ಕೇಸ್ ಕೂಗಿ ಆಗಿರತ್ತೆ.

ಸೆಷನ್ಸಿಗಿಂತ ಚಿಕ್ಕ ಕ್ರಿಮಿನಲ್ ಕೇಸ್‌ಗಳನ್ನ ನೋಡೋ ಮ್ಯಾಜಿಸ್ಟ್ರೇಟ್ ಕೋರ್ಟ್‌ಗಳು ನೃಪತುಂಗ ರೋಡಲ್ಲಿ. ಆಕ್ಸಿಡೆಂಟ್ ಪರಿಹಾರದ ಕೇಸು ಸ್ಮಾಲ್ ಕಾಸಸ್ ಕೋರ್ಟಲ್ಲಿ. ಡಿವೋರ್ಸು, ಜೀವನಾಂಶ, ಮಕ್ಕಳ ಕಸ್ಟಡಿ ಎಲ್ಲ ಫ್ಯಾಮಿಲಿ ಕೋರ್ಟು, ಸಿದ್ದಯ್ಯ ರೋಡಿನ ನ್ಯಾಯದೇಗುಲ. ವಿಧಾನಸೌಧದ ಎದುರು ಇರೋ ಕೆಂಪು ಕಟ್ಟಡ, ಅಠಾರಾ ಕಚೇರಿ, ಅದು ಹೈಕೋರ್ಟು, ಅಲ್ಲಿ ಈ ಟ್ರಯಲ್‌ಗಳು ನಡೆಯಲ್ಲ.

ಬೆಂಗಳೂರು ಸಿಟಿಗೆ ಇನ್ನೊಂದು ವಿಶೇಷ ಇದೆ. ಬೇರೆ ಜಿಲ್ಲೆಗಳಲ್ಲಿ ದಾವೆ ಮೊತ್ತ ನೋಡ್ಕೊಂಡು ಕೇಸು ಸಿವಿಲ್ ಜಡ್ಜ್ ಹತ್ರ ಅಥವಾ ಸೀನಿಯರ್ ಸಿವಿಲ್ ಜಡ್ಜ್ ಹತ್ರ ಹೋಗತ್ತೆ. ಇಲ್ಲಿ 1979ರ ಬೆಂಗಳೂರು ಸಿಟಿ ಸಿವಿಲ್ ಕೋರ್ಟ್ ಕಾಯ್ದೆ ಪ್ರಕಾರ ಮಾಮೂಲಿ ಸಿವಿಲ್ ದಾವೆ ಚಿಕ್ಕದಿರಲಿ ದೊಡ್ಡದಿರಲಿ ನೇರವಾಗಿ ಡಿಸ್ಟ್ರಿಕ್ಟ್ ಜಡ್ಜ್ ದರ್ಜೆಯವರ ಮುಂದೇನೇ ಬರತ್ತೆ, ತೀರ್ಪಿನ ಮೇಲೆ ಅಪೀಲ್ ಸೀದಾ ಹೈಕೋರ್ಟಿಗೆ.

ಲಾ ಮುಗಿಸಿದ ತಕ್ಷಣ ಜಡ್ಜ್ ಆಗಬಹುದಾ? ನನ್ನ ಮಗಳು ಕೇಳ್ತಿದಾಳೆ

ಈ ಪ್ರಶ್ನೆ ಕೇಳಿದ್ರೆ ನಂಗೆ ನಿಜವಾಗ್ಲೂ ಖುಷಿ. ತಕ್ಷಣ ಆಗಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ಜಡ್ಜ್ ಪರೀಕ್ಷೆ ಬರೆಯೋಕೆ ಕನಿಷ್ಠ 3 ವರ್ಷ ವಕೀಲಿಕೆ ಇರ್ಬೇಕು ಅಂತ ಹಳೇ ನಿಯಮಾನ ವಾಪಸ್ ತಂತು. ಪ್ರಾವಿಷನಲ್ ಎನ್‌ರೋಲ್‌ಮೆಂಟ್, ಅಂದ್ರೆ ವಕೀಲರಾಗಿ ತಾತ್ಕಾಲಿಕ ನೋಂದಣಿ ಆದ ದಿನದಿಂದ ಲೆಕ್ಕ ಹಿಡೀತಾರೆ, ಜಡ್ಜ್ ಹತ್ರ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸಾನೂ ಸೇರತ್ತೆ. ಅದಕ್ಕೂ ಮುಂಚೆ ನೋಟಿಫಿಕೇಶನ್ ಆಗಿದ್ದ ನೇಮಕಾತಿಗಳಿಗೆ ಇದು ಅನ್ವಯಿಸಲ್ಲ ಅಂತಾನೂ ಅದೇ ತೀರ್ಪು ಹೇಳ್ತು.

ಈ ನಿಯಮದ ಬಗ್ಗೆ ಹುಡುಗ್ರಿಗೆ ಬೇಜಾರಿದೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಮನೇಲಿ ದುಡ್ಡಿಲ್ಲದೋರಿಗೆ. ಸೀನಿಯರ್ ಹತ್ರ ಜೂನಿಯರ್ ಆಗಿ ಸೇರಿದ್ರೆ ಮೊದಲ ವರ್ಷಗಳಲ್ಲಿ ಕೈಗೆ ಬರೋದು ಬಸ್ಸಿಗೂ ಸಾಲಲ್ಲ, ಅದು ಸುಳ್ಳಲ್ಲ. ಆದ್ರೂ ನಾನು ಈ ನಿಯಮದ ಪರ. ಸಾಕ್ಷಿ ಕಟಕಟೆಯಲ್ಲಿ ನಿಂತಿರೋ ಹಳ್ಳಿ ಹೆಂಗಸು ಯಾಕೆ ಗಾಬರಿ ಆಗ್ತಾಳೆ ಅನ್ನೋದು ಪುಸ್ತಕದಿಂದ ಗೊತ್ತಾಗಲ್ಲ, ಪಕ್ಕದಲ್ಲಿ ನಿಂತು ನೋಡಿರಬೇಕು. ಸರಿಯಾದ ಪರಿಹಾರ ಅಂದ್ರೆ ಜೂನಿಯರ್‌ಗಳಿಗೆ ಬದುಕೋಷ್ಟು ಸ್ಟೈಪೆಂಡ್ ಕೊಡೋದು.

ಪರೀಕ್ಷೆ ನಡೆಸೋದು ಕರ್ನಾಟಕ ಹೈಕೋರ್ಟು. ಮೊದಲು ಪ್ರಿಲಿಮ್ಸ್, ಆಮೇಲೆ ಮೇನ್ಸ್, ಆಮೇಲೆ ಇಂಟರ್‌ವ್ಯೂ. ಮೇನ್ಸಲ್ಲಿ ಕಾನೂನು ಪೇಪರ್‌ಗಳ ಜೊತೆ ಕನ್ನಡ ಇಂಗ್ಲಿಷ್ ಅನುವಾದದ ಪೇಪರೂ ಇರತ್ತೆ, ಇಂಗ್ಲಿಷ್ ಮೀಡಿಯಂ ಮಕ್ಕಳು ಎಡವೋದು ಇಲ್ಲೇ, ಇವತ್ತಿಂದಾನೇ ಕನ್ನಡ ಪೇಪರ್ ಓದೋಕೆ ಶುರು ಮಾಡೋಕೆ ಹೇಳಿ. ಸೆಲೆಕ್ಟ್ ಆದ್ಮೇಲೆ ಕ್ರೆಸೆಂಟ್ ರೋಡಲ್ಲಿರೋ ಕರ್ನಾಟಕ ನ್ಯಾಯಾಂಗ ಅಕಾಡೆಮಿಯಲ್ಲಿ ಟ್ರೈನಿಂಗ್, ಅದಾದ್ಮೇಲೆ ಪೋಸ್ಟಿಂಗು, ಮೊದಲ ಪೋಸ್ಟಿಂಗ್ ಬೆಂಗಳೂರೇ ಸಿಗತ್ತೆ ಅಂತ ಆಸೆ ಇಟ್ಕೋಬೇಡಿ.

ಡೈರೆಕ್ಟಾಗಿ ಡಿಸ್ಟ್ರಿಕ್ಟ್ ಜಡ್ಜ್ ಆಗೋ ದಾರಿ ಇದೆಯಾ?

ಇದೆ. ಸಂವಿಧಾನದ 233ನೇ ವಿಧಿ ಪ್ರಕಾರ 7 ವರ್ಷ ವಕೀಲಿಕೆ ಮಾಡಿದೋರು ಪರೀಕ್ಷೆ ಬರೆದು ನೇರವಾಗಿ ಬರಬಹುದು, 25 ಪರ್ಸೆಂಟ್ ಹುದ್ದೆ ಈ ದಾರೀಲಿ, ಮಿಕ್ಕಿದ್ದು ಒಳಗಿರೋ ಜಡ್ಜ್‌ಗಳ ಪ್ರಮೋಷನ್ನಿಗೆ. 2025ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇನ್ನೊಂದು ಬಾಗಿಲು ತೆಗೀತು, ವಕೀಲರಾಗಿ ಮತ್ತು ಜಡ್ಜ್ ಆಗಿ ಎರಡೂ ಸೇರಿ 7 ವರ್ಷ ಆಗಿದ್ರೆ ಸರ್ವೀಸಲ್ಲಿ ಇರೋ ಸಿವಿಲ್ ಜಡ್ಜ್‌ಗಳೂ ಈ ನೇರ ನೇಮಕಾತಿಗೆ ಅರ್ಜಿ ಹಾಕಬಹುದು ಅಂತ.

ಸಂಬಳ ಎಷ್ಟು?

ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಪ್ರಕಾರ ಸಿವಿಲ್ ಜಡ್ಜ್ ಆರಂಭದ ಮೂಲ ವೇತನ 77,840 ರೂಪಾಯಿ, ಸೀನಿಯರ್ ಸಿವಿಲ್ ಜಡ್ಜ್‌ಗೆ 1,11,000, ಡಿಸ್ಟ್ರಿಕ್ಟ್ ಜಡ್ಜ್‌ಗೆ 1,44,840, ಇದರ ಮೇಲೆ ಭತ್ಯೆಗಳು ಬೇರೆ. ಒಂದು ಕಾಲದಲ್ಲಿ ಇವರ ಪರಿಸ್ಥಿತಿ ಹೀಗಿರ್ಲಿಲ್ಲ. ಮೊದಲ ವೇತನ ಆಯೋಗದ ಅಧ್ಯಕ್ಷರಾಗಿದ್ದೋರು ನಮ್ಮ ಕರ್ನಾಟಕದವರೇ, ಜಸ್ಟಿಸ್ ಕೆ. ಜಗನ್ನಾಥ ಶೆಟ್ಟಿ, ಇವತ್ತಿಗೂ ಕೋರ್ಟ್ ಕಾರಿಡಾರಲ್ಲಿ ಶೆಟ್ಟಿ ಕಮಿಷನ್ ಅಂದ್ರೆ ಎಲ್ರಿಗೂ ಗೊತ್ತು.

ಬೆಳಗ್ಗೆ 11ಕ್ಕೆ ಬಂದು ಸಂಜೆ ಹೋಗ್ತಾರೆ, ಅಷ್ಟೇ ಅಲ್ವಾ ಕೆಲಸ?

ಅಲ್ಲ. ನಮಗೆ ಕಾಣೋದು ಬೆಂಚ್ ಮೇಲೆ ಕೂತಿರೋ ಹೊತ್ತು ಮಾತ್ರ. 11ಕ್ಕೆ ಕಾಲ್ ವರ್ಕ್ ಶುರುವಾಗತ್ತೆ, ಅವತ್ತಿನ ಕಾಸ್ ಲಿಸ್ಟಲ್ಲಿರೋ ಕೇಸ್‌ಗಳನ್ನ ಒಂದೊಂದಾಗಿ ಕೂಗಿಸಿ, ಯಾರಿಗೆ ಸಮನ್ಸ್ ಆಗಿಲ್ಲ, ಯಾರಿಗೆ ವಾರಂಟ್ ಹೊರಡಿಸಬೇಕು, ಯಾರು ಟೈಮ್ ಕೇಳ್ತಿದಾರೆ ಅಂತ ನೋಡ್ತಾರೆ. ಆಮೇಲೆ ಸಾಕ್ಷಿ ವಿಚಾರಣೆ, ಅದರ ಪ್ರತಿ ವಾಕ್ಯ ಅವರ ಮೇಲ್ವಿಚಾರಣೇಲೇ ಟೈಪ್ ಆಗ್ಬೇಕು, ಒಂದು ಪದ ಆಚೀಚೆ ಆದ್ರೆ ಹತ್ತು ವರ್ಷ ಆದ್ಮೇಲೆ ಅಪೀಲಲ್ಲಿ ಅದೇ ದೊಡ್ಡದಾಗತ್ತೆ. ಮಧ್ಯಾಹ್ನ ಆದ್ಮೇಲೆ ವಾದ. ಸಂಜೆ ಚೇಂಬರಲ್ಲಿ ಸ್ಟೆನೋಗೆ ಆರ್ಡರ್ ಹೇಳೋದು. ತೀರ್ಪು ಬರೆಯೋದು ಹೆಚ್ಚಾಗಿ ರಾತ್ರಿ, ಇಲ್ಲಾ ಭಾನುವಾರ ಮನೇಲಿ.

ಮ್ಯಾಜಿಸ್ಟ್ರೇಟ್ ಆದ್ರೆ ರಾತ್ರಿ, ಭಾನುವಾರ ಅನ್ನೋದೂ ಇಲ್ಲ. ಅರೆಸ್ಟ್ ಮಾಡಿದೋರನ್ನ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳತ್ತೆ, ಪೊಲೀಸ್ನೋರು ದೀಪಾವಳಿ ರಾತ್ರಿ ಹಿಡಿದ್ರೂ ಆ ಲೆಕ್ಕ ನಿಲ್ಲಲ್ಲ, ಮ್ಯಾಜಿಸ್ಟ್ರೇಟ್ ಮನೆ ಬಾಗಿಲಿಗೇ ಕರ್ಕೊಂಡು ಬರ್ತಾರೆ. ಆ ಹೊತ್ತಲ್ಲಿ ನಿದ್ದೆಗಣ್ಣಲ್ಲಿ ಎದ್ದು ಬಂದು, ಹೊಡೆದ್ರಾ, ಮನೆಯವರಿಗೆ ಹೇಳಿದಾರಾ, ಲಾಯರ್ ಇದಾರಾ ಅಂತ ಎದುರಿಗಿರೋ ಹುಡುಗನ್ನ ಕೇಳೋದಿದೆಯಲ್ಲ, ಆ ಕೆಲವು ನಿಮಿಷ ಒಬ್ಬರ ಇಡೀ ಬದುಕನ್ನ ಉಳಿಸಬಹುದು. ಇದನ್ನ ಸುಮ್ನೆ ಸಹಿ ಹಾಕೋ ಕೆಲಸ ಅನ್ಕೊಂಡೋರು ಆ ಕುರ್ಚೀಲಿ ಕೂರಬಾರದು ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಮ್ಯಾಜಿಸ್ಟ್ರೇಟ್ ಎಷ್ಟು ವರ್ಷ ಶಿಕ್ಷೆ ಕೊಡಬಹುದು?

ಫಸ್ಟ್ ಕ್ಲಾಸ್ ಮ್ಯಾಜಿಸ್ಟ್ರೇಟ್ 3 ವರ್ಷದವರೆಗೆ, ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟ್ 7 ವರ್ಷದವರೆಗೆ. ಸೆಷನ್ಸ್ ಜಡ್ಜ್ ಕಾನೂನಲ್ಲಿರೋ ಯಾವ ಶಿಕ್ಷೇನಾದ್ರೂ ಕೊಡಬಹುದು, ಆದ್ರೆ ಮರಣದಂಡನೆ ಕೊಟ್ರೆ ಹೈಕೋರ್ಟ್ ಕನ್ಫರ್ಮ್ ಮಾಡೋವರೆಗೂ ಜಾರಿ ಆಗಲ್ಲ. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಬಂದ್ಮೇಲೆ ಮೆಟ್ರೋಪಾಲಿಟನ್ ಮ್ಯಾಜಿಸ್ಟ್ರೇಟ್ ಅನ್ನೋ ಪದವಿ ಕಾನೂನಿಂದ ಹೋಗಿದೆ, ಜನ ಮಾತ್ರ ಇನ್ನೂ ಎಸಿಎಂಎಂ (ಅಡಿಷನಲ್ ಚೀಫ್ ಮೆಟ್ರೋಪಾಲಿಟನ್ ಮ್ಯಾಜಿಸ್ಟ್ರೇಟ್) ಕೋರ್ಟ್ ಅಂತಾನೇ ಅಂತಾರೆ.

ಯಾಕೆ ವಾಯಿದೆ ಮೇಲೆ ವಾಯಿದೆ ಕೊಡ್ತಾರೆ? ಜಡ್ಜ್‌ಗೆ ಕೇಸ್ ಮುಗಿಸೋ ಮನಸ್ಸಿಲ್ವಾ?

ಹೆಲ್ಪ್ ಡೆಸ್ಕಲ್ಲಿ ಎಲ್ಲಕ್ಕಿಂತ ಕೋಪದಿಂದ ಬರೋ ಪ್ರಶ್ನೆ ಇದು, ಆ ಕೋಪ ನ್ಯಾಯವಾದದ್ದೇ. ಅಂಗಡಿ ಬಾಗಿಲು ಹಾಕ್ಕೊಂಡು, ದಿನಗೂಲಿ ಬಿಟ್ಟು ಬಂದೋರಿಗೆ ಮುಂದಿನ ತಿಂಗಳು ಬನ್ನಿ ಅಂದ್ರೆ ಹೊಟ್ಟೆ ಉರಿಯತ್ತೆ.

ಆದ್ರೆ ವಾಯಿದೆ ಯಾಕಾಯ್ತು ಅಂತ ಆರ್ಡರ್ ಶೀಟ್ ತೆಗ್ಸಿ ನೋಡಿ. ಎದುರು ಪಾರ್ಟಿಗೆ ಸಮನ್ಸ್ ಮುಟ್ಟಿಲ್ಲ, ಸಾಕ್ಷಿ ಬಂದಿಲ್ಲ, ತನಿಖಾಧಿಕಾರಿಗೆ ಟ್ರಾನ್ಸ್‌ಫರ್ ಆಗಿದೆ, ಫೊರೆನ್ಸಿಕ್ ಲ್ಯಾಬ್ (ಎಫ್‌ಎಸ್‌ಎಲ್) ರಿಪೋರ್ಟ್ ಬಂದಿಲ್ಲ, ವಕೀಲರು ಹೈಕೋರ್ಟಲ್ಲಿದಾರೆ, ಹೀಗೆ ಇರತ್ತೆ. ಕೆಲವು ಸಲ ನಮ್ಮ ವಕೀಲರೇ ಟೈಮ್ ಕೇಳಿರ್ತಾರೆ, ನಮಗೆ ಮಾತ್ರ ಜಡ್ಜ್ ಕೊಟ್ಟರು ಅಂತ ಹೇಳಿರ್ತಾರೆ. ಸಿವಿಲ್ ಪ್ರೊಸೀಜರ್ ಕೋಡಿನ 17ನೇ ಆರ್ಡರ್ ಪ್ರಕಾರ ವಿಚಾರಣೆ ವೇಳೆ ಒಂದು ಪಾರ್ಟಿಗೆ ಮೂರಕ್ಕಿಂತ ಜಾಸ್ತಿ ಸಲ ಮುಂದೂಡಿಕೆ ಕೊಡಬಾರದು. ಕ್ರಿಮಿನಲ್ ಕಡೆ, ಸೆಷನ್ಸ್ ಕೇಸಲ್ಲಿ ವಾದ ಮುಗಿದ 30 ದಿನದೊಳಗೆ ತೀರ್ಪು ಬರ್ಬೇಕು, ಕಾರಣ ಬರೆದ್ರೆ 45 ದಿನ, ಇದು ಬಿಎನ್‌ಎಸ್‌ಎಸ್ 258. ಈ ಮಿತಿಗಳ ಬಗ್ಗೆ ನಿಮ್ಮ ವಕೀಲರನ್ನ ಕೇಳೋ ಹಕ್ಕು ನಿಮಗಿದೆ, ಮುಜುಗರ ಪಡಬೇಡಿ.

ಇದಕ್ಕಿಂತ ದೊಡ್ಡ ಕಾರಣ ಜಡ್ಜ್‌ಗಳೇ ಸಾಕಷ್ಟಿಲ್ಲ. 1987ರಲ್ಲೇ ಲಾ ಕಮಿಷನ್ ತನ್ನ 120ನೇ ವರದೀಲಿ 10 ಲಕ್ಷ ಜನಕ್ಕೆ 50 ಜಡ್ಜ್ ಬೇಕು ಅಂದಿತ್ತು, ಇವತ್ತು ದೇಶದಲ್ಲಿ ಅದರ ಅರ್ಧಾನೂ ಇಲ್ಲ, 20ರ ಆಸುಪಾಸಲ್ಲಿದೆ. ಚೆಕ್ ಬೌನ್ಸ್ ಕೇಸ್‌ಗಳೊಂದೇ ಮ್ಯಾಜಿಸ್ಟ್ರೇಟ್ ಕೋರ್ಟನ್ನ ಮುಳುಗಿಸಿಬಿಟ್ಟಿವೆ, 6 ತಿಂಗಳಲ್ಲಿ ಮುಗಿಸೋ ಪ್ರಯತ್ನ ಮಾಡ್ಬೇಕು ಅಂತ ಕಾನೂನಲ್ಲಿದೆ, ನಡೆಯೋದು ನಮಗೆಲ್ಲ ಗೊತ್ತು. ಸರ್ಕಾರಗಳು ಫ್ಲೈಓವರಿಗೆ ದುಡ್ಡಿಟ್ಟ ಹಾಗೆ ಕೋರ್ಟ್ ಹಾಲಿಗೆ, ಸಿಬ್ಬಂದಿಗೆ ದುಡ್ಡಿಡಲ್ಲ, ಬೈಸ್ಕೊಳೋದು ಮಾತ್ರ ಜಡ್ಜ್.

ದೊಡ್ಡ ದೊಡ್ಡೋರ ವಿರುದ್ಧ ಇಂಥ ಲೋಕಲ್ ಜಡ್ಜ್ ತೀರ್ಪು ಕೊಡೋಕಾಗತ್ತಾ?

ಆಗತ್ತೆ, ಅದೂ ನಮ್ಮೂರಲ್ಲೇ ಆಗಿದೆ. ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿ ಕೇಸನ್ನ 2003ರ ನವೆಂಬರಲ್ಲಿ ಸುಪ್ರೀಂ ಕೋರ್ಟು ಚೆನ್ನೈಯಿಂದ ಬೆಂಗಳೂರಿಗೆ ವರ್ಗ ಮಾಡ್ತು, ತಮಿಳುನಾಡಲ್ಲಿ ನಿಷ್ಪಕ್ಷಪಾತ ವಿಚಾರಣೆ ಕಷ್ಟ ಅನ್ನೋ ಕಾರಣಕ್ಕೆ. ಇಲ್ಲಿ ಸ್ಪೆಷಲ್ ಕೋರ್ಟ್ ಮಾಡಿ ವರ್ಷಗಟ್ಟಲೆ ನಡೀತು, ಜಡ್ಜ್‌ಗಳು ಬದಲಾದ್ರು, ಕೊನೆಗೆ ಕೇಸ್ ಬಂದಿದ್ದು ಮಂಗಳೂರು ಮೂಲದ ಜಾನ್ ಮೈಕೆಲ್ ಡಿಕುನ್ಹ ಅವರ ಮುಂದೆ. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ಅವರು ತೀರ್ಪು ಓದಿದ್ರು, ಅಧಿಕಾರದಲ್ಲಿದ್ದ ಮುಖ್ಯಮಂತ್ರಿಗೆ 4 ವರ್ಷ ಜೈಲು, 100 ಕೋಟಿ ದಂಡ. ಆ ಕ್ಷಣದಿಂದ ಅವರ ಶಾಸಕ ಸ್ಥಾನಾನೇ ಹೋಯ್ತು.

2015ರ ಮೇ 11ರಂದು ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡ್ತು. ಟ್ರಯಲ್ ಜಡ್ಜ್ ಬರೆದಿದ್ದು ತಪ್ಪಾಯ್ತು ಅಂತ ಎಷ್ಟೋ ಜನ ಮಾತಾಡ್ಕೊಂಡ್ರು. ಆದ್ರೆ 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಹೈಕೋರ್ಟ್ ತೀರ್ಪನ್ನ ರದ್ದು ಮಾಡಿ ಟ್ರಯಲ್ ಕೋರ್ಟ್ ತೀರ್ಪನ್ನೇ ಎತ್ತಿ ಹಿಡೀತು, ಅಷ್ಟೊತ್ತಿಗೆ ಜಯಲಲಿತಾ ತೀರಿಕೊಂಡಿದ್ರು, ಮಿಕ್ಕಿದ ಮೂವರು ಆರೋಪಿಗಳು ಜೈಲಿಗೆ ಹೋಗ್ಬೇಕಾಯ್ತು. ಡಿಕುನ್ಹ ಅವರು 2016ರಲ್ಲಿ ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿ ಆದ್ರು, 2021ರಲ್ಲಿ ನಿವೃತ್ತಿ. ಆಮೇಲೂ ಸುಮ್ನೆ ಕೂತಿಲ್ಲ, ಕೋವಿಡ್ ಖರೀದಿ ಅಕ್ರಮಗಳ ತನಿಖಾ ಆಯೋಗ, 2025ರ ಜೂನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಕಾಲ್ತುಳಿತದ ತನಿಖೆ, ಎರಡನ್ನೂ ಸರ್ಕಾರ ಅವರಿಗೇ ವಹಿಸ್ತು.

ಈ ಕೇಸನ್ನ ನಾನು ಯಾವಾಗ್ಲೂ ಹೇಳೋದು ಯಾಕಂದ್ರೆ, ಮಧ್ಯದಲ್ಲಿ ಮೇಲಿನ ಕೋರ್ಟೇ ಅಲ್ಲಗಳೆದ್ರೂ ಕೊನೆಗೆ ನಿಂತಿದ್ದು ಸಾಕ್ಷಿ ಮತ್ತು ಲೆಕ್ಕಾನ ಸಾಲು ಸಾಲಾಗಿ ಬರೆದಿಟ್ಟ ಕೆಳಗಿನ ಕೋರ್ಟಿನ ತೀರ್ಪು. ಕೆಳಗಿನ ಕೋರ್ಟ್ ಅಂತ ಕರೆಯೋದೇ ನಂಗಿಷ್ಟ ಇಲ್ಲ.

ಮಗು ಸಾಕ್ಷಿ ಹೇಳ್ಬೇಕಿದೆ, ತುಂಬಾ ಭಯ ಆಗ್ತಿದೆ

ಪೋಕ್ಸೋ ಕೇಸ್, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸ್ ಆದ್ರೆ ಸ್ಪೆಷಲ್ ಕೋರ್ಟ್ ಜಡ್ಜ್‌ಗೆ ಕಾನೂನೇ ಜವಾಬ್ದಾರಿ ಹಾಕಿದೆ. ಮಗುಗೆ ಆರೋಪಿ ಕಾಣದ ಹಾಗೆ ನೋಡ್ಕೋಬೇಕು, ನಡುನಡುವೆ ಬಿಡುವು ಕೊಡ್ಬೇಕು, ನಂಬಿಕೆ ಇರೋ ಹಿರಿಯರು ಜೊತೇಲಿರೋಕೆ ಬಿಡ್ಬೇಕು, ಮಗುನ ಮತ್ತೆ ಮತ್ತೆ ಕೋರ್ಟಿಗೆ ಕರೆಸಬಾರದು. ವಕೀಲರು ಮಗುನ ನೇರವಾಗಿ ಕೇಳೋ ಹಾಗಿಲ್ಲ, ಪ್ರಶ್ನೆ ಜಡ್ಜ್‌ಗೆ ಕೊಡ್ಬೇಕು, ಜಡ್ಜ್ ಕೇಳ್ತಾರೆ. ಚಾಕ್ಲೇಟ್ ಕೊಟ್ಟು, ಸ್ಕೂಲು, ನಾಯಿಮರಿ ಅಂತ ಮಾತಾಡಿಸಿ, ಮಗು ನಕ್ಕ ಮೇಲೆ ವಿಷಯಕ್ಕೆ ಬರೋ ಜಡ್ಜ್‌ಗಳಿದಾರೆ, ಅಂಥೋರಿಗೆ ಯಾವ ಪ್ರಶಸ್ತೀನೂ ಸಿಗಲ್ಲ, ಪೇಪರಲ್ಲಿ ಹೆಸರೂ ಬರಲ್ಲ. ಕೋರ್ಟಿಗೆ ಹೋಗೋ ಮುಂಚೆ ಸರ್ಕಾರಿ ವಕೀಲರನ್ನ ಒಮ್ಮೆ ಭೇಟಿ ಮಾಡಿ, ಮಗುನೂ ಕರ್ಕೊಂಡು ಹೋಗಿ.

ಕೋರ್ಟಲ್ಲಿ ಕನ್ನಡದಲ್ಲಿ ಮಾತಾಡಬಹುದಾ? ಜಡ್ಜ್‌ನ ಏನಂತ ಕರೀಬೇಕು?

ಧಾರಾಳವಾಗಿ. ಟ್ರಯಲ್ ಕೋರ್ಟಲ್ಲಿ ಸಾಕ್ಷಿ ಕನ್ನಡದಲ್ಲೇ ಹೇಳಿ, ಎದುರು ವಕೀಲರು ಇಂಗ್ಲಿಷಲ್ಲಿ ಕೇಳಿದ್ರೆ ಅರ್ಥ ಆಗ್ಲಿಲ್ಲ ಸಾರ್ ಅನ್ನಿ, ಜಡ್ಜ್ ಕನ್ನಡದಲ್ಲಿ ಹೇಳಿಸ್ತಾರೆ. ಸ್ವಾಮಿ, ಸಾರ್, ಮೇಡಂ ಯಾವುದಾದ್ರೂ ಸಾಕು. ಮೈ ಲಾರ್ಡ್ ಅನ್ನೋದು ಬೇಕಿಲ್ಲ, ಕೆಳಹಂತದ ಕೋರ್ಟ್‌ಗಳಲ್ಲಿ ಸಾರ್ ಅಥವಾ ಆಯಾ ಭಾಷೆಯ ಸಮಾನ ಪದ ಸಾಕು ಅಂತ ಬಾರ್ ಕೌನ್ಸಿಲ್ 2006ರಲ್ಲೇ ವಕೀಲರಿಗೇ ಹೇಳಿದೆ.

ನಮ್ಮ ಸಂಬಂಧಿಕರಿಗೆ ಜಡ್ಜ್ ಪರಿಚಯ ಇದೆ, ಮನೆಗೆ ಹೋಗಿ ಒಂದು ಮಾತು ಹೇಳಿದ್ರೆ?

ದಯವಿಟ್ಟು ಬೇಡ. ಕೇಸಿನ ಬಗ್ಗೆ ಒಂದು ಪಾರ್ಟಿ ಖಾಸಗಿಯಾಗಿ ಮಾತಾಡಿದ್ರೆ ಒಳ್ಳೆ ಜಡ್ಜ್ ಅದನ್ನ ಓಪನ್ ಕೋರ್ಟಲ್ಲಿ ಹೇಳಿ ಕೇಸನ್ನೇ ಬೇರೆ ಕೋರ್ಟಿಗೆ ಕಳ್ಸೋಕೆ ಬರೀತಾರೆ. ಇದೇ ಕಾರಣಕ್ಕೆ ಎಷ್ಟೋ ಜಡ್ಜ್‌ಗಳು ಮದುವೆ ಮುಂಜಿಗೆ ಹೋಗೋದನ್ನ, ಕ್ಲಬ್ ಸೇರೋದನ್ನ, ಹಳೇ ವಕೀಲ ಸ್ನೇಹಿತರ ಜೊತೆ ಕಾಫಿ ಕುಡಿಯೋದನ್ನೂ ಬಿಟ್ಬಿಟ್ಟಿರ್ತಾರೆ. ಮೂವತ್ತು ವರ್ಷ ಹಾಗೆ ಬದುಕೋದು ಒಂದು ತರ ಒಂಟಿತನ, ನಾವು ಅದಕ್ಕೆ ಗೌರವ ಕೊಡ್ಬೇಕು. ಇನ್ನು ಸಾಹೇಬ್ರಿಗೆ ಕೊಡ್ಬೇಕು ಅಂತ ಯಾರಾದ್ರೂ ನಿಮ್ಮ ಹತ್ರ ದುಡ್ಡು ಕೇಳಿದ್ರೆ ಒಂದು ರೂಪಾಯೀನೂ ಕೊಡಬೇಡಿ, ಯಾರು ಎಲ್ಲಿ ಯಾವಾಗ ಕೇಳಿದ್ರು ಅಂತ ಬರ್ದಿಟ್ಕೊಳ್ಳಿ.

ಜಡ್ಜ್ ಮೇಲೇ ದೂರು ಇದ್ರೆ?

ಎರಡನ್ನ ಬೇರೆ ಬೇರೆ ಇಡಿ. ತೀರ್ಪು ತಪ್ಪು ಅನ್ಸಿದ್ರೆ ದಾರಿ ಅಪೀಲು ಅಥವಾ ರಿವಿಷನ್, ತಪ್ಪು ತೀರ್ಪು ಕೊಟ್ರು ಅಂತ ಜಡ್ಜ್ ಮೇಲೆ ಕೇಸ್ ಹಾಕೋಕಾಗಲ್ಲ, 1985ರ ನ್ಯಾಯಾಧೀಶರ ರಕ್ಷಣಾ ಕಾಯ್ದೆ ಅದಕ್ಕೇ ಇರೋದು, ಇಲ್ಲಾಂದ್ರೆ ಸೋತೋರೆಲ್ಲ ಕೇಸ್ ಹಾಕ್ತಾರೆ, ಯಾವ ಜಡ್ಜೂ ಧೈರ್ಯವಾಗಿ ಬರೆಯೋಕಾಗಲ್ಲ. ಲಂಚ, ಕೆಟ್ಟ ನಡವಳಿಕೆ ಇಂಥದ್ದಾದ್ರೆ ಹೈಕೋರ್ಟಿನ ವಿಜಿಲೆನ್ಸ್ ವಿಭಾಗಕ್ಕೆ ಅಫಿಡವಿಟ್ ಜೊತೆ, ದಾಖಲೆ ಸಮೇತ ಬರೀಬಹುದು. ಸಂವಿಧಾನದ 235ನೇ ವಿಧಿ ಪ್ರಕಾರ ಈ ಜಡ್ಜ್‌ಗಳ ಮೇಲಿನ ಹತೋಟಿ ಹೈಕೋರ್ಟಿಗೆ ಸೇರಿದ್ದು, ಮಂತ್ರಿಗೂ ಅಲ್ಲ, ಡಿಸಿಗೂ ಅಲ್ಲ.

ಕೋರ್ಟ್ ಹೊರಗೆ ಜಡ್ಜ್‌ಗಳು ಜನರಿಗಾಗಿ ಏನಾದ್ರೂ ಮಾಡ್ತಾರಾ?

ತುಂಬಾ, ಆದ್ರೆ ಜನಕ್ಕೆ ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಯ ಪ್ರಾಧಿಕಾರಕ್ಕೆ ಆ ಜಿಲ್ಲೆಯ ಪ್ರಿನ್ಸಿಪಲ್ ಜಡ್ಜೇ ಅಧ್ಯಕ್ಷರು, ಇನ್ನೊಬ್ಬ ಜಡ್ಜ್ ಸದಸ್ಯ ಕಾರ್ಯದರ್ಶಿ. ಜೈಲಿಗೆ ಹೋಗಿ ವಿಚಾರಣಾಧೀನ ಕೈದಿಗಳ ಹತ್ರ ಮಾತಾಡೋದು, ಜಾಮೀನು ಸಿಕ್ಕಿದ್ರೂ ಶ್ಯೂರಿಟಿ ಕೊಡೋರಿಲ್ಲದೆ ಒಳಗೇ ಇರೋರ ಪಟ್ಟಿ ಮಾಡೋದು, ಸ್ಲಮ್ಮಲ್ಲಿ, ಕಾಲೇಜಲ್ಲಿ ಕಾನೂನು ಅರಿವು ಕಾರ್ಯಕ್ರಮ, ಎಲ್ಲ ಇವರ ಕೆಲಸ. ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಜೈಲಲ್ಲೇ ಕಳೆದಿರೋ ವಿಚಾರಣಾಧೀನರನ್ನ, ಮೊದಲ ಸಲದ ಆರೋಪಿಯಾದ್ರೆ ಮೂರನೇ ಒಂದು ಭಾಗ ಕಳೆದೋರನ್ನ ಬಿಡಬೇಕು ಅಂತ ಬಿಎನ್‌ಎಸ್‌ಎಸ್ 479 ಹೇಳತ್ತೆ. ಮರಣದಂಡನೆ, ಜೀವಾವಧಿ ಶಿಕ್ಷೆ ಇರೋ ಅಪರಾಧಗಳಿಗೆ ಇದಿಲ್ಲ, ಬೇರೆ ಷರತ್ತುಗಳೂ ಇವೆ. ಆದ್ರೆ ಅರ್ಹರನ್ನ ಯಾರಾದ್ರೂ ಹುಡುಕ್ಬೇಕಲ್ವಾ, ಆ ಹುಡುಕಾಟ ನಡೆಯೋದು ಹೀಗೇ.

ಲೋಕ್ ಅದಾಲತ್ತಿಗೂ ಕೂರೋದು ಇವರೇ. ಅಲ್ಲಿ ರಾಜಿ ಆದ್ರೆ ಕೋರ್ಟ್ ಫೀಸ್ ವಾಪಸ್, ಅಪೀಲ್ ಇಲ್ಲ, ಅಲ್ಲಿಗೇ ಮುಗೀತು. ಜೊತೆಗೆ 2007ರಿಂದ ನ್ಯಾಯದೇಗುಲದಲ್ಲಿ ಬೆಂಗಳೂರು ಮೀಡಿಯೇಷನ್ ಸೆಂಟರ್ ನಡೀತಿದೆ, ಗಂಡ ಹೆಂಡತಿ, ಅಣ್ಣ ತಮ್ಮಂದಿರ ಜಗಳಗಳನ್ನ ಜಡ್ಜ್ ಅಲ್ಲಿಗೆ ಕಳ್ಸಿದ್ರೆ ಬೇಜಾರಾಗಬೇಡಿ, ಹೋಗಿ ಬನ್ನಿ, ನಿಜವಾಗ್ಲೂ ಪ್ರಯೋಜನ ಇದೆ.

ಉಚಿತ ವಕೀಲರು ಬೇಕಾದ್ರೆ 15100ಗೆ ಫೋನ್ ಮಾಡಿ. ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿಯವರು, ಅಂಗವಿಕಲರು, ಕಾರ್ಮಿಕರು, ಕಸ್ಟಡಿಯಲ್ಲಿರೋರು, ಇವರಿಗೆ ಆದಾಯ ಎಷ್ಟಿದ್ರೂ ಸಿಗತ್ತೆ.

ಟ್ರಾನ್ಸ್‌ಫರ್, ರಿಟೈರ್ಮೆಂಟ್ ಹೇಗೆ?

ಕೆಲವು ವರ್ಷಕ್ಕೊಮ್ಮೆ ವರ್ಗ, ಹೆಚ್ಚಾಗಿ ಬೇಸಿಗೆ ರಜೆಯ ಸುತ್ತಮುತ್ತ ಲಿಸ್ಟ್ ಬರತ್ತೆ. ಬೀದರಲ್ಲಿ ಒಂದಷ್ಟು ವರ್ಷ, ಪುತ್ತೂರಲ್ಲಿ ಒಂದಷ್ಟು ವರ್ಷ, ಮಕ್ಕಳ ಸ್ಕೂಲು ಪ್ರತಿ ಸಲ ಬದಲು. ನಿವೃತ್ತಿ 60ಕ್ಕೆ, ಹೈಕೋರ್ಟ್ ಜಡ್ಜ್ ಆದ್ರೆ 62. ಆಮೇಲೆ ಕೆಲವರು ಗ್ರಾಹಕ ಆಯೋಗಕ್ಕೆ ಹೋಗ್ತಾರೆ, ಕೆಲವರು ಅದಾಲತ್ತಲ್ಲಿ ಸಂಧಾನಕಾರರಾಗಿ ಕೂರ್ತಾರೆ.

ನಂಗೆ ಕೇಸಿಲ್ಲ, ಸುಮ್ನೆ ಹೋಗಿ ಕೂತು ನೋಡಬಹುದಾ?

ಖಂಡಿತ, ನೋಡ್ಲೇಬೇಕು. ನಮ್ಮ ಕೋರ್ಟ್‌ಗಳು ಓಪನ್ ಕೋರ್ಟ್, ಅತ್ಯಾಚಾರ, ಪೋಕ್ಸೋ ಇಂಥ ಇನ್ ಕ್ಯಾಮೆರಾ (ಹೊರಗಿನೋರನ್ನ ಬಿಡದೆ ಗುಟ್ಟಾಗಿ ನಡೆಸೋ) ಕೇಸ್ ಬಿಟ್ಟು ಬೇರೆಲ್ಲ ಯಾರು ಬೇಕಾದ್ರೂ ಹಿಂದಿನ ಬೆಂಚಲ್ಲಿ ಕೂತು ಕೇಳಬಹುದು. ಕಾಲೇಜ್ ಮಕ್ಕಳನ್ನ ಕರ್ಕೊಂಡು ಹೋಗಿ. ಫೋನ್ ಸೈಲೆಂಟಲ್ಲಿಡಿ, ಫೋಟೋ ರೆಕಾರ್ಡಿಂಗ್ ಬೇಡ, ಜಡ್ಜ್ ಒಳಗೆ ಬರುವಾಗ ಎದ್ದು ನಿಲ್ಲಿ, ಐಡಿ ಕಾರ್ಡ್ ಜೊತೇಲಿರಲಿ. ಕಾಲ್ ವರ್ಕಲ್ಲಿ ಏನೂ ಅರ್ಥ ಆಗಲ್ಲ, ಅದು ಮುಗಿದು ಸಾಕ್ಷಿ ವಿಚಾರಣೆ ಶುರುವಾಗೋ ಹೊತ್ತಿಗೆ ಹೋಗಿ. ನಿಮ್ಮದೇ ಕೇಸಿದ್ರೆ ಪ್ರತಿ ಕೇಸಿಗೂ ಬೇರೆ ಬೇರೆ ಇರೋ 16 ಅಂಕಿ ಅಕ್ಷರಗಳ ಸಿಎನ್‌ಆರ್ ನಂಬರನ್ನ ಇ-ಕೋರ್ಟ್ಸ್ ಆಪಲ್ಲಿ ಹಾಕಿದ್ರೆ ಮುಂದಿನ ತಾರೀಖು, ಕೋರ್ಟ್ ಹಾಲು, ಅಪ್‌ಲೋಡ್ ಆಗಿರೋ ಆರ್ಡರ್‌ಗಳು ಸಿಗ್ತವೆ, ಸಿಟಿ ಸಿವಿಲ್ ಕೋರ್ಟಿನದ್ದು ಕೆಎಬಿಸಿ01 ಅಂತ ಶುರುವಾಗತ್ತೆ.